ಸೊಟ್ಟ ಬೆರಳಿನ ತಪಾಸಣೆ

ದಿನಕ್ಕೆ ಏನಿಲ್ಲವೆಂದರೂ ಹತ್ತು ಸಲ ನಾನು ‘ಡಿಫಾರ್ಮ್’ ಎಂದು ಬರೆಯುತ್ತೇನೆ. ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ತಗಡಿನ ಬಿಡಿಭಾಗಗಳನ್ನು ತಪಾಸಣೆ ಮಾಡುವುದು ನನ್ನ ಕೆಲಸ. ಅಂಚಿನ ಮೇಲೆ ಬೆರಳಾಡಿಸುತ್ತೇನೆ. ಎಲ್ಲಾದರೂ ತಗ್ಗೋ ಉಬ್ಬೋ ಸಿಕ್ಕರೆ ಈ ಮಾತು ಬರೆದು ಕೆಂಪು ಡಬ್ಬಿಗೆ ಹಾಕುತ್ತೇನೆ. ಇಪ್ಪತ್ತು ವರ್ಷಗಳಲ್ಲಿ ಒಂದು ತಗಡೂ ನನಗೆ ಎದುರಾಡಿಲ್ಲ. ಹೀಗಾಗಿ ನಾನು ನ್ಯಾಯವಂತನೆಂದೇ ತಿಳಿದಿದ್ದೆ.

ನಿಘಂಟು ಈ ಪದಕ್ಕೆ ಎರಡು ಅರ್ಥ ಕೊಡುತ್ತದೆ: ಆಕಾರ ಬದಲಾಗುವುದು, ಆಕಾರ ಕೆಡುವುದು. ಎಂಜಿನಿಯರಿಂಗ್ ಪುಸ್ತಕಗಳಿಗೆ ಮೊದಲನೆಯದೇ ಸಾಕು. ಭಾರ ಬಿದ್ದರೆ ಎಲ್ಲವೂ ಬಾಗುತ್ತದೆ, ಭಾರ ತೆಗೆದ ಮೇಲೆ ಕೆಲವು ಮೊದಲಿನಂತಾಗುತ್ತವೆ, ಕೆಲವು ಆಗುವುದಿಲ್ಲ ಎಂದು ಅವು ಯಾರನ್ನೂ ಬೈಯದೆ ಹೇಳುತ್ತವೆ. ನನ್ನ ಹೊಟ್ಟೆ ಎರಡನೆಯ ಜಾತಿಗೆ ಸೇರಿದ್ದು. ಬದಲಾದದ್ದು ಯಾವಾಗ ಕೆಟ್ಟದ್ದಾಗುತ್ತದೆ ಎಂಬುದನ್ನು ಮಾತ್ರ ಪುಸ್ತಕ ಹೇಳುವುದಿಲ್ಲ. ಅದನ್ನು ನನ್ನಂಥವರು ಊಟಕ್ಕೆ ಮುಂಚೆ ತೀರ್ಮಾನಿಸಿಬಿಡುತ್ತೇವೆ.

ಹೋದ ವರ್ಷ ನನ್ನ ಬಲಗೈ ತೋರುಬೆರಳು ಮುರಿಯಿತು. ಮುನ್ನೂರು ಟನ್ನಿನ ಪ್ರೆಸ್ಸುಗಳ ನಡುವೆ ಕ್ಷೇಮವಾಗಿದ್ದ ಬೆರಳು ಮನೆಯ ಕಪಾಟಿನ ಬಾಗಿಲಿಗೆ ಸಿಕ್ಕಿಕೊಂಡಿತು. ಮೂಳೆ ಕೂಡಿಕೊಂಡಿತೇನೋ ನಿಜ, ಆದರೆ ತುದಿ ಎಡಕ್ಕೆ ವಾಲಿತು. ಹೆಂಡತಿ ಶಾರದಾ ನೋಡಿ, “ದಾರಿ ಕೇಳಿದವ್ರಿಗೆ ಇನ್ನ ಬಾಯಿಲೇ ಹೇಳ್ರಿ. ಬೆರಳ ತೋರ್ಸಿದ್ರ ಭೋರ್ ಊರಿಗೆ ಹೋಗೋರು ಯೆರವಡಾ ಜೇಲಿಗೆ ಹೋದಾರು” ಎಂದಳು.

ನಗು ನಿಂತದ್ದು ಕಾರ್ಖಾನೆಯ ವಾರ್ಷಿಕ ವೈದ್ಯಕೀಯ ತಪಾಸಣೆಯ ದಿನ. ನರ್ಸ್ ನನ್ನ ಬೆರಳನ್ನು ಹಿಂದೆ ಮುಂದೆ ತಿರುಗಿಸಿ, ಚೀಟಿಯಲ್ಲಿ ನಾನು ದಿನವೂ ಬರೆಯುವ ಮಾತನ್ನೇ ಬರೆದರು. ಡಾಕ್ಟರು ಇದಕ್ಕೆ ಹೂಂ ಎಂದರೆ ನನ್ನನ್ನು ತಪಾಸಣೆಯಿಂದ ಉಗ್ರಾಣಕ್ಕೆ ಕಳಿಸುತ್ತಾರೆ. ಬೇರೆ ಕೆಲಸ ನನಗೆ ಬರುವುದಿಲ್ಲ, ಬೇಕಾಗಿಯೂ ಇಲ್ಲ. ನಿಜವಾಗಿ ಹೆದರಿಕೆಯಾಯಿತು. ಕೆಂಪು ಡಬ್ಬಿಯ ತಗಡುಗಳು ನೆನಪಾದವು.

ಡಾಕ್ಟರು ಕಲಬುರಗಿ ಕಡೆಯವರು. “ಬೆರಳ ಭಾಳ ಸೊಟ್ಟ ಆಗೇದರಿ. ಇದ್ರಿಂದ ಕೆಲಸ ಆಗ್ತದೇನ್ರಿ?” ಎಂದು ಕೇಳಿ, ಹತ್ತಿ ಇಟ್ಟಿದ್ದ ಸ್ಟೀಲಿನ ಟ್ರೇ ಖಾಲಿ ಮಾಡಿ ನನ್ನ ಮುಂದೆ ತಳ್ಳಿದರು. ಅದನ್ನು ಬೋರಲು ಹಾಕಿ, ಕಣ್ಣು ಮುಚ್ಚಿ, ತಳದ ಅಂಚಿನುದ್ದಕ್ಕೂ ಬೆರಳಾಡಿಸಿದೆ. ಮೂರನೆಯ ಮೂಲೆಯಲ್ಲಿ ಬೆರಳು ತಾನಾಗಿ ನಿಂತಿತು.

“ಇಲ್ಲಿ ಕೂದಲೆಳಿಯಷ್ಟು ಉಬ್ಬೇದರಿ,” ಎಂದೆ.

ಡಾಕ್ಟರು ಕನ್ನಡಕ ಏರಿಸಿ ನೋಡಿದರು, ಏನೂ ಕಾಣಲಿಲ್ಲ. ಟ್ರೇಯನ್ನು ಮೇಜಿನ ಗಾಜಿನ ಮೇಲಿಟ್ಟು ಒತ್ತಿದರು. ಟಕ್ ಟಕ್ ಎಂದು ಅಲುಗಾಡಿತು. ಅವರು ನನ್ನ ಚೀಟಿಯ ಮೇಲೆ ‘ಫಿಟ್’ ಎಂದು ಬರೆದು ಸಹಿ ಹಾಕಿದರು. ಆಮೇಲೆ ಕೇಳಿದರು: “ಹಂಗಾದ್ರ ಈ ಟ್ರೇ ರಿಜೆಕ್ಟೇನ್ರಿ?”

ಹೌದೆನ್ನಲು ಬಾಯಿ ತೆರೆದೆ. ಇಪ್ಪತ್ತು ವರ್ಷದ ರೂಢಿ. ಅಷ್ಟರಲ್ಲಿ ಟ್ರೇಯ ಕಡೆಗೆ ಚಾಚಿದ್ದ ನನ್ನದೇ ಬೆರಳು ಕಣ್ಣಿಗೆ ಬಿತ್ತು.

“ಇರ್ಲಿ ಬಿಡ್ರಿ ಸಾಹೇಬ್ರ,” ಎಂದೆ. “ಹತ್ತಿ ಇಡಾಕ ಏನ್ ತೊಂದ್ರಿ ಅದ?”

ಅವರು ಹತ್ತಿಯನ್ನು ಮತ್ತೆ ಅದರಲ್ಲೇ ತುಂಬಿದರು. ಆ ದಿನ ಸೊಟ್ಟಗಿದ್ದೂ ಪಾಸಾದ ಎರಡನೆಯ ಮಾಲು ಅದು.