ಮೇಸ್ತ್ರಿಯವರ ಮೀಸೆ ಮತ್ತು ಹದಿನೆಂಟು ಲೀಟರ್ ಎಣ್ಣೆ

ನಾನು ಕೂಲಿಂಗ್ ಟವರ್ ನೋಡಿಕೊಳ್ಳುತ್ತೇನೆ ಎಂದರೆ ಕಡೂರಿನ ನಮ್ಮ ಬೀದಿಯಲ್ಲಿ ಅದನ್ನು ಏಸಿ ರಿಪೇರಿ ಎಂದು ತಿಳಿಯುತ್ತಾರೆ. ಎಂಜಿನಿಯರಿಂಗ್ ಓದಿದ ಹುಡುಗಿ ಏಸಿ ರಿಪೇರಿಗೆ ಹೋಗುತ್ತಾಳಲ್ಲ ಎಂದು ಅವರಿಗೆ ಬೇಸರ. ನಾನು ತಿದ್ದಲು ಹೋಗಿಲ್ಲ. ತಿದ್ದಿದರೆ ನಮ್ಮ ಕಾರ್ಖಾನೆಯಲ್ಲಿ ಮೆಕ್ಕೆಜೋಳದಿಂದ ಸ್ಪಿರಿಟ್ ತೆಗೆಯುತ್ತಾರೆ ಎನ್ನುವುದನ್ನೂ ಹೇಳಬೇಕಾಗುತ್ತದೆ. ಆಮೇಲೆ ಬರುವ ಪ್ರಶ್ನೆಗಳು ಇನ್ನೂ ಉದ್ದ.

ಕಾರ್ಖಾನೆ ಇರುವುದು ಕಡೂರಿನಿಂದ ತರೀಕೆರೆಗೆ ಹೋಗುವ ದಾರಿಯಲ್ಲಿ. ಪ್ಲಾಂಟಿನಲ್ಲಿ ಬಿಸಿಯಾದ ನೀರು ಟವರಿನ ಮೇಲಿಂದ ಮಳೆಯಂತೆ ಇಳಿಯುತ್ತದೆ. ನೆತ್ತಿಯ ಮೇಲೆ ಕುಳಿತ ಒಂದು ದೊಡ್ಡ ಫ್ಯಾನು ಗಾಳಿಯನ್ನು ಮೇಲಕ್ಕೆಳೆದು ಅದನ್ನು ತಣ್ಣಗೆ ಮಾಡುತ್ತದೆ. ಫ್ಯಾನಿನ ಸುತ್ತ ತಳವಿಲ್ಲದ ಹಂಡೆಯಂಥ ಗೋಡೆ. ಮೋಟಾರು ಈ ಹಂಡೆಯ ಹೊರಗೆ. ಅಲ್ಲಿಂದ ಉದ್ದನೆಯ ಶಾಫ್ಟು ಒಳಗೆ ಹೋಗಿ ಗೇರ್‌ಬಾಕ್ಸನ್ನು ಸೇರುತ್ತದೆ. ಮೋಟಾರಿನ ವೇಗವನ್ನು ಇಳಿಸಿ, ಅಡ್ಡ ತಿರುಗುವುದನ್ನು ನೆಟ್ಟಗೆ ಮಾಡಿ ಫ್ಯಾನಿಗೆ ಕೊಡುವುದು ಗೇರ್‌ಬಾಕ್ಸಿನ ಕೆಲಸ. ಹಬೆಯಲ್ಲಿ ನೆನೆಯುತ್ತ, ಯಾರ ಕಣ್ಣಿಗೂ ಬೀಳದೆ, ಯಾರೊಂದಿಗೂ ಹೆಚ್ಚು ಮಾತಿಲ್ಲದೆ ಇರುವ ಯಂತ್ರ. ನನಗೆ ಅದು ಮೊದಲ ದಿನವೇ ಹಿಡಿಸಿತು.

ಅದನ್ನು ನನಗಿಂತ ಮುಂಚಿನಿಂದ ನೋಡಿಕೊಳ್ಳುತ್ತಿದ್ದವರು ನಮ್ಮ ಹಿರಿಯ ಫಿಟ್ಟರ್. ಅಜ್ಜಂಪುರದ ಹತ್ತಿರದ ಒಂದು ಹಳ್ಳಿಯವರು. ಎಲ್ಲರೂ ಅವರನ್ನು ಮೇಸ್ತ್ರಿ ಎನ್ನುತ್ತಾರೆ. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೂ ಹಿಡಿಯನ್ನು ಕಿವಿಗೂ ಒತ್ತಿ ಯಾವ ಬೇರಿಂಗ್ ಹೋಗಿದೆ ಎಂದು ಹೇಳಬಲ್ಲರು. ಅವರ ಮೀಸೆ ಎರಡು ಕಡೆಯೂ ಕೆನ್ನೆ ದಾಟಿ, ಮೇಲಕ್ಕೆ ತಿರುಗಿ, ಕಿವಿಯ ಕಡೆ ನೋಡುತ್ತದೆ. ಹೆಲ್ಮೆಟ್ಟಿನ ಪಟ್ಟಿ ಹಾಕುವಾಗ ಮೊದಲು ಮೀಸೆಯನ್ನು ಬದಿಗೆ ಸರಿಸುತ್ತಾರೆ, ಆಮೇಲೆ ತಲೆಯ ಸುರಕ್ಷತೆ.

ಆ ಮೀಸೆಗೆ ಒಂದು ಉದ್ಯೋಗವೂ ಇದೆ. ಅವರ ಊರಲ್ಲಿ ಆಡುವ ಪೌರಾಣಿಕ ನಾಟಕದಲ್ಲಿ ರಾಜನ ಪಾರ್ಟು ಅವರದು. ಉಳಿದ ಪಾತ್ರಧಾರಿಗಳೆಲ್ಲ ಅಂಟಿಸಿದ ಮೀಸೆಯವರು. ಹಿಂದಿನ ಸಲ ಮಂತ್ರಿಯ ಮೀಸೆ ಆಲಾಪದ ಮಧ್ಯೆ ಬಿಚ್ಚಿಕೊಂಡು ಅವರ ಬಾಯಿಗೇ ಹೋಗಿ, ಮುಂದಿನ ಸಾಲನ್ನು ರಾಜನೇ ಹಾಡಿ ರಾಜ್ಯ ಉಳಿಸಿದ್ದರಂತೆ. ಇದನ್ನು ನಾನು ಮೇಸ್ತ್ರಿಯವರ ಬಾಯಿಂದ ಕನಿಷ್ಠ ಆರು ಸಲ ಕೇಳಿದ್ದೇನೆ.

ಆ ಸಲದ ನಾಟಕಕ್ಕೆ ಇನ್ನೂ ಎರಡೂವರೆ ವಾರವಿದ್ದಾಗ ಗೇರ್‌ಬಾಕ್ಸಿನ ಆಯಿಲ್ ಸೀಲ್ ಸವೆದು ಎಣ್ಣೆ ಜಿನುಗಿತು. ಶಾಫ್ಟು ಒಳಗೆ ಹೋಗುವ ಜಾಗದಲ್ಲಿ ಎಣ್ಣೆ ಹೊರಬಾರದಂತೆ ತಡೆಯುವ ರಬ್ಬರಿನ ಉಂಗುರ ಅದು. ಮೇಸ್ತ್ರಿ ಹಳೆಯದನ್ನು ಕಿತ್ತು ಹೊಸದು ಕೂರಿಸಿದರು. ನಾವು ಹೊಸ ಎಣ್ಣೆ ತುಂಬಿದೆವು. ಅದೇ ದಿನ ನಾನೂ ಒಂದು ಸುಧಾರಣೆ ಮಾಡಿದೆ. ಅಲ್ಲಿಯವರೆಗೆ ಎಣ್ಣೆ ಎಷ್ಟಿದೆ ಎಂದು ನೋಡಲು ಎರಡು ವಾರಕ್ಕೊಮ್ಮೆ ಮಂಗಳವಾರ ಪ್ಲಾಂಟ್ ನಿಂತಾಗ ಒಳಗೆ ಹೋಗಿ ಕಡ್ಡಿ ಅದ್ದಬೇಕಿತ್ತು. ನಾನು ಒಂದು ಸಣ್ಣ ಪೈಪನ್ನು ಹಂಡೆಯ ಹೊರಗೆ ತಂದು, ತುದಿಗೆ ಗಾಜಿನ ಕೊಳವೆ ಹಾಕಿಸಿ, ಪಕ್ಕದಲ್ಲೇ ಎಣ್ಣೆ ಹಾಕುವ ಬಾಯಿಯನ್ನೂ ಇಡಿಸಿದೆ. ಹದಿನೆಂಟು ಲೀಟರಿಗೆ ಎಣ್ಣೆ ಎಲ್ಲಿ ನಿಂತಿತೋ ಅಲ್ಲಿ ನನ್ನ ಕೈಯಾರೆ ಕೆಂಪು ಗೆರೆ ಎಳೆದೆ. ಸ್ಕೇಲ್ ಇಟ್ಟು ಎಳೆದೆ.

ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ಎರಡನೇ ಶಿಫ್ಟಿನ ಆಪರೇಟರ್ ಮೇಸ್ತ್ರಿಯವರನ್ನು ಕೆಣಕಿದರು. ಅವರು ತರೀಕೆರೆಯವರು, ಸುಮ್ಮನೆ ಇರುವುದು ಅವರಿಗೆ ಒಗ್ಗುವುದಿಲ್ಲ.

"ಏನ್ ಮೇಸ್ತ್ರಿ, ಈ ಸೀಲ್ ನಾಟ್ಕದ್ ತನ್ಕ ತಡೀತದೋ ಇಲ್ವೋ?"

"ಲೇ, ನಾನ್ ಕೂರಿಸಿರೋ ಸೀಲ್ ಕಣೋ ಅದು. ಒಂದೇ ಒಂದ್ ತೊಟ್ಟು ಎಣ್ಣೆ ಅದನ್ನ ದಾಟಿ ಬಂದ್ರೆ ಈ ಮೀಸೆ ಬೋಳಿಸ್ಕೊಂತೀನಿ."

ಮಾತು ಬಾಯಿಂದ ಬಿದ್ದಮೇಲೆ ಮೇಸ್ತ್ರಿಯವರಿಗೂ ಅದರ ತೂಕ ಗೊತ್ತಾದಂತೆ ಕಂಡಿತು. ಆದರೆ ಅಷ್ಟರಲ್ಲಿ ತರೀಕೆರೆಯವರು ಎಲ್ಲರನ್ನೂ ಸಾಕ್ಷಿ ಹಾಕಿಕೊಂಡಿದ್ದರು.

ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೆಯ ದಿನ, ಶನಿವಾರ ಬೆಳಿಗ್ಗೆ, ಟವರಿನ ಕೆಳಗಿನ ತೊಟ್ಟಿಯ ನೀರಿನ ಮೇಲೆ ನವಿಲುಬಣ್ಣದ ಪೊರೆ ತೇಲುತ್ತಿತ್ತು. ಅದನ್ನು ಮೊದಲು ಕಂಡವರು ಮೇಸ್ತ್ರಿಯವರೇ. ಬೇರೆ ಯಾರಾದರೂ ಆಗಿದ್ದರೆ ಒಂದು ಕೋಲು ತಗೊಂಡು ನೀರನ್ನು ಕಲಕಿ ಸುಮ್ಮನಾಗುತ್ತಿದ್ದರು. ಅವರು ಬಂದು ನನ್ನ ಮೇಜಿನ ಎದುರು ನಿಂತು, "ಮೇಡಮ್ಮೋರೆ, ಹೋಯ್ತು" ಎಂದರು. ಹೋದದ್ದು ಸೀಲೋ ಮೀಸೆಯೋ ಎಂದು ನಾನು ಕೇಳಲಿಲ್ಲ.

ನಾಟಕ ಮುಂದಿನ ಶನಿವಾರ ಇತ್ತು. ಕ್ಯಾಂಟೀನಿನಲ್ಲಿ ದಿನ ಗೊತ್ತುಮಾಡುವ ಕೆಲಸ ಶುರುವಾಯಿತು.

"ಇವತ್ತೇ ಬೋಳಿಸ್ಬಿಡಿ ಮೇಸ್ತ್ರಿ, ತಣ್ಣಗಿರ್ತದೆ."

"ಶನಿವಾರ ಯಾವನಾದ್ರೂ ಕತ್ತಿ ಮುಟ್ತಾನೇನೋ?"

"ಸರಿ, ನಾಳೆ."

"ನಾಳೆ ಅಮಾಸೆ. ಸೋಮವಾರ ನಮ್ಮನೆ ದೇವ್ರ ವಾರ. ಮಂಗಳವಾರ ಕ್ಷೌರದ್ ಅಂಗ್ಡಿ ಬಾಗ್ಲು ಹಾಕಿರ್ತದೆ."

"ಆಯ್ತು, ಬುಧವಾರಕ್ಕೆ ಏನ್ ಐತೆ?"

ಮೇಸ್ತ್ರಿ ಬೆರಳು ಮಡಿಸಿ ಎಣಿಸಿ ನೋಡಿದರು. ಬುಧವಾರಕ್ಕೆ ಏನೂ ಇರಲಿಲ್ಲ. "ಬುಧವಾರ ಸಾಯಂಕಾಲ" ಎಂದು ಒಪ್ಪಿಕೊಂಡರು. ನಾಟಕ ಮುಗಿದಮೇಲೆ ಬೋಳಿಸಬಹುದಲ್ಲ ಎಂದು ನಾನು ಮೆಲ್ಲಗೆ ಹೇಳಿದೆ. "ಆಮೇಲ್ ಬೋಳಿಸಿದ್ರೆ ಅದು ಕ್ಷೌರ ಮೇಡಮ್ಮೋರೆ, ಮಾತಲ್ಲ" ಎಂದರು. ಅಂಟು ಮೀಸೆಯ ಸುದ್ದಿ ಎತ್ತುವ ಧೈರ್ಯ ಯಾರಿಗೂ ಬರಲಿಲ್ಲ.

ನನಗೆ ಆ ಸೀಲಿನ ಮೇಲೆ ಅನುಮಾನವಿರಲಿಲ್ಲ. ಅವರು ಅದನ್ನು ಕೂರಿಸುವಾಗ ನಾನು ಪಕ್ಕದಲ್ಲೇ ಇದ್ದೆ. ಕೂಸಿಗೆ ಟೋಪಿ ಹಾಕುವಷ್ಟು ಹುಷಾರಾಗಿ ಕೂರಿಸಿದ್ದರು. ಆದರೂ ಎಣ್ಣೆ ಬಂದಿತ್ತು. ಪ್ಲಾಂಟ್ ನಿಲ್ಲುವ ಮಂಗಳವಾರದವರೆಗೆ ಹಂಡೆಯೊಳಗೆ ಹೋಗುವ ಹಾಗಿಲ್ಲ. ಭಾನುವಾರ ಮನೆಯಲ್ಲಿ ಗೇರ್‌ಬಾಕ್ಸಿನ ಕೈಪಿಡಿ ಓದುತ್ತ ಕುಳಿತಿದ್ದಾಗ ಅಮ್ಮ ಏನೆಂದು ಕೇಳಿದರು. ಹೇಳಿದೆ.

"ಒಬ್ರ ಮೀಸೆ ವಿಷ್ಯ ನಿನಗ್ಯಾಕೆ ಬೇಕಿತ್ತೇ?" ಎಂದರು. ಸ್ವಲ್ಪ ಹೊತ್ತಾದ ಮೇಲೆ ಅಡಿಗೆಮನೆಯಿಂದಲೇ, "ಎಷ್ಟುದ್ದ ಐತೆ?" ಎಂದೂ ಕೇಳಿದರು. ಕೆನ್ನೆ ದಾಟುತ್ತದೆ ಎಂದೆ.

ಪ್ಲಾಂಟ್ ನಿಲ್ಲುವ ಮಂಗಳವಾರ ಮೂರು ಶಿಫ್ಟಿನವರೂ ಬರುತ್ತಾರೆ. ಮೇಸ್ತ್ರಿ, ತರೀಕೆರೆಯವರು, ಯಗಟಿ ಊರಿನ ಮೂರನೇ ಶಿಫ್ಟಿನ ಆಪರೇಟರ್, ನಾನು. ನಾಲ್ವರೂ ಮೇಲೆ ಹತ್ತಿದೆವು. ಯಗಟಿಯವರು ಮಾತು ಕಮ್ಮಿಯ ಮನುಷ್ಯ, ಹಾಗಾಗಿ ನನಗೆ ಅವರೊಂದಿಗೆ ಒಳ್ಳೆಯ ಹೊಂದಾಣಿಕೆ. ಫ್ಯಾನು ಆರಿಸಿ ಸ್ವಿಚ್ಚಿಗೆ ಬೀಗ ಹಾಕಿ ಕೀ ಜೇಬಿನಲ್ಲಿಟ್ಟುಕೊಂಡೆ. ರೆಕ್ಕೆಗಳು ನಿಧಾನವಾಗಿ ನಿಂತವು. ಎಲ್ಲರೂ ಒಳಗೆ ಹೋಗುವ ಬಾಗಿಲಿನ ಬೋಲ್ಟು ಬಿಚ್ಚುತ್ತಿದ್ದರೆ ನಾನು ಮಾತ್ರ ನನ್ನ ಗಾಜಿನ ಕೊಳವೆ ನೋಡುತ್ತಿದ್ದೆ.

ಫ್ಯಾನು ಓಡುವಾಗ ಗೆರೆಗಿಂತ ಕೆಳಗಿದ್ದ ಎಣ್ಣೆ ಮೇಲೇಳತೊಡಗಿತು. ಗೆರೆ ಮುಟ್ಟಿತು, ಗೆರೆ ದಾಟಿತು. ಕೊಳವೆಯ ತುದಿ ಮುಟ್ಟಿ ಅಲ್ಲಿಂದ ನಮ್ಮನ್ನೆಲ್ಲ ನೋಡಿತು.

ಗೇರುಗಳು ತಿರುಗುವಾಗ ಎಣ್ಣೆ ಒಳಗೆಲ್ಲ ಎರಚಿಕೊಂಡಿರುತ್ತದೆ. ಆಗ ಕೊಳವೆಯಲ್ಲಿ ಕಾಣುವುದು ಕಮ್ಮಿ. ನಿಂತು ಹತ್ತು ನಿಮಿಷವಾದ ಮೇಲೆಯೇ ನಿಜವಾದ ಮಟ್ಟ. ಇದು ಕೈಪಿಡಿಯಲ್ಲಿ ದಪ್ಪಕ್ಷರದಲ್ಲಿತ್ತು. ನಾನು ಗೆರೆ ಎಳೆದದ್ದು ಫ್ಯಾನು ನಿಂತಿದ್ದಾಗ. ಆಮೇಲೆ ಎಲ್ಲರೂ ನೋಡಿದ್ದು ಫ್ಯಾನು ಓಡುತ್ತಿದ್ದಾಗ.

"ಎಣ್ಣೆ ಇಳಿಸೋಣ" ಎಂದೆ.

ಬಕೆಟ್ಟಿನಲ್ಲಿ ಅಳೆದು ಅಳೆದು ಇಳಿಸಿದೆವು. ಹದಿನೆಂಟು ಲೀಟರ್ ಬಂತು. ಇನ್ನೂ ಬರುತ್ತಿತ್ತು. ಇಪ್ಪತ್ತೆರಡು. ಇಪ್ಪತ್ತೈದು.

"ಸೀಮೆಹಸು ಕೊಟ್ಟಂಗೆ ಕೊಡ್ತದಲ್ರೀ ಇದು!" ಎಂದರು ತರೀಕೆರೆಯವರು. ಯಾರೂ ನಗಲಿಲ್ಲ, ಅವರೂ ಸೇರಿ. ಇಪ್ಪತ್ತೆಂಟು ಲೀಟರಿಗೆ ನಿಂತಿತು.

ಹತ್ತು ಲೀಟರ್ ಹೆಚ್ಚಿಗೆ, ಸೋರಿ ಹೋದದ್ದು ಬೇರೆ. ನಾಲ್ವರೂ ಬಕೆಟ್ಟುಗಳನ್ನು ನೋಡುತ್ತ ನಿಂತೆವು. ಮೊದಲು ಬಾಯಿ ಬಿಟ್ಟವರು ಯಗಟಿಯವರು. ಅವರು ತಾವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ನಾನ್ ದಿನಾ ಒಂದ್ ಲೋಟ ಹಾಕ್ತಿದ್ದೆ. ಕಮ್ಮಿ ಕಾಣ್ತಿತ್ತು."

"ನೀನೂ ಹಾಕ್ತಿದ್ದೇನಪ್ಪಾ?" ತರೀಕೆರೆಯವರು ಬೆಚ್ಚಿದರು. "ನಾನೂ ಒಂದ್ ಲೋಟ ಹಾಕಿಯೇ ಮನೆಗ್ ಹೋಗ್ತಿದ್ದೆ ಕಣಯ್ಯ! ನೀನ್ ಮರ್ತಿರ್ತೀಯ ಅಂತ!"

"ಲಾಗ್ ಪುಸ್ತಕದಲ್ಲಿ ಯಾಕೆ ಬರೀಲಿಲ್ಲ?" ಎಂದೆ ನಾನು.

"ಬರೆದ್ರೆ ಮುಂದಿನ ಶಿಫ್ಟಿನೋರಿಗೆ ಚುಚ್ಚಿದಂಗೆ ಆಗ್ತದಲ್ಲ ಮೇಡಂ. ಒಂದ್ ಲೋಟಕ್ಕೆ ಯಾಕೆ ಮನಸ್ತಾಪ?" ಎಂದರು ತರೀಕೆರೆಯವರು.

ಮೇಸ್ತ್ರಿ ಕೈಯೊರೆಸುವ ಬಟ್ಟೆಯನ್ನು ಮಡಿಸುತ್ತಿದ್ದರು. ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು. "ನಾನ್ ಒಂದೂವರೆ ಲೋಟ. ಬೆಳಿಗ್ಗೆ ಬಂದ್ ತಕ್ಷಣ. ಒಣಗೋಗಿರೋ ಹಂಗೆ ಕಾಣೋದು, ಕರುಳ್ ಚುರ್ ಅನ್ನೋದು ಕಣ್ರೀ."

ಊಟಕ್ಕೆ ಕೂತವರು ಸಾಕು ಎಂದರೂ, ಎಲೆಗೆ ಅಡ್ಡ ಕೈ ಹಿಡಿಯುವವರೆಗೆ ಬಡಿಸುವ ಊರುಗಳು ನಮ್ಮವು. ಗೇರ್‌ಬಾಕ್ಸಿಗೆ ಅಡ್ಡ ಹಿಡಿಯಲು ಕೈ ಇರಲಿಲ್ಲ. ಹೊಟ್ಟೆ ಬಿರಿಯುವಷ್ಟು ತುಂಬಿದ ಮೇಲೆ ಅದು ಸೀಲಿನ ಸಂದಿಯಿಂದ ಹೊರಗೆ ಹಾಕಿತ್ತು.

ತರೀಕೆರೆಯವರಿಗೆ ಈಗ ಮೊದಲಿನ ಚೈತನ್ಯ ಬಂತು. "ಹಂಗಾದ್ರೆ ಜಾಸ್ತಿ ಎಣ್ಣೆ ಮೇಸ್ತ್ರೀದೇ. ಅವ್ರ ಸೀಲು, ಅವ್ರ ಎಣ್ಣೆ. ಬುಧವಾರ ಅಂತೂ ತಪ್ಪಿದ್ದಲ್ಲ."

"ತಪ್ಪಿಸಲ್ಲ" ಎಂದರು ಮೇಸ್ತ್ರಿ. ಹೇಳುತ್ತ ಅವರ ಕೈ ತಾನಾಗಿ ಮೀಸೆಗೆ ಹೋಯಿತು. ಅಲ್ಲೇ ಬಹಳ ಹೊತ್ತು ಇತ್ತು.

ಈಗ ನನ್ನ ವಿಷಯ. ನಾನೂ ಹಾಕುತ್ತಿದ್ದೆ. ಬೆಳಿಗ್ಗೆ ಹತ್ತಕ್ಕೆ ರೌಂಡಿಗೆ ಹೋದಾಗ, ಲ್ಯಾಬಿನಿಂದ ತಂದ ಗಾಜಿನ ಬೀಕರಿನಲ್ಲಿ, ಸರಿಯಾಗಿ ನೂರು ಮಿಲಿಲೀಟರ್. ಲಾಗ್ ಪುಸ್ತಕದಲ್ಲಿ ಬರೆದಿರಲಿಲ್ಲ. ಹೊಸ ಸೀಲು ಸೋರುತ್ತಿದೆಯೇನೋ ಎಂದು ಮೇಸ್ತ್ರಿಯವರಿಗೆ ನೋವಾಗುತ್ತದೆಂದು. ನನ್ನ ಸ್ವಂತ ನೋಟ್‌ಬುಕ್ಕಿನಲ್ಲಿ ಮಾತ್ರ ತಾರೀಖು ಸಮೇತ ಇತ್ತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಲೋಟದ ಲೆಕ್ಕ ಯಾರು ಕೂಡಿಸುತ್ತಾರೆ? ಕೂಡಿಸಬಲ್ಲವಳು ನಾನೊಬ್ಬಳೇ. ಸುಮ್ಮನಿರುವುದು ನನಗೆ ಚೆನ್ನಾಗಿ ಬರುತ್ತದೆ, ಅದರಲ್ಲಿ ನನಗೆ ವರ್ಷಗಳ ಅಭ್ಯಾಸವಿದೆ. ಆದರೆ ಎದುರಿಗೆ ಆ ಮೀಸೆ ಇತ್ತು.

"ನಾನೂ ದಿನಾ ನೂರು ಎಂಎಲ್ ಹಾಕಿದ್ದೇನೆ" ಎಂದೆ. "ಗೆರೆ ಎಳೆದವಳೂ ನಾನೇ. ನಿಲ್ಲಿಸಿ ನೋಡಬೇಕು ಅಂತ ಅಲ್ಲಿ ಬರೆಯಲೂ ಇಲ್ಲ. ಕೈಪಿಡಿಯಲ್ಲಿತ್ತು. ನಾನು ಓದಿದ್ದು ಮೊನ್ನೆ ಭಾನುವಾರ."

ಮೂವರೂ ನನ್ನನ್ನು ನೋಡಿದರು. ಯಗಟಿಯವರ ಭುಜ ಅಲುಗಲು ಶುರುವಾಯಿತು. ಅವರು ನಗುತ್ತಿದ್ದಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಹಂಡೆಯೊಳಗೆಲ್ಲ ನಗು ತುಂಬಿತು. "ಮೇಡಮ್ಮೋರು ಬೀಕರಲ್ಲಿ!" ಎಂದು ಮೇಸ್ತ್ರಿ ಗೇರ್‌ಬಾಕ್ಸಿನ ಮೇಲೆ ಕೈ ಬಡಿದರು.

"ಸರಿ, ಹಿಂಗ್ ಮಾಡಣ" ಎಂದು ತರೀಕೆರೆಯವರು ತೀರ್ಪು ಕೊಟ್ಟರು. "ಅಳತೆ ಸರಿಯಾಗಿ ಎಣ್ಣೆ ತುಂಬಣ. ನಾಳೆ ನಿಲ್ಸಿ ನೋಡಣ. ಸೀಲ್ ಒಣಗಿದ್ರೆ ಮೀಸೆ ಉಳೀತು. ಆದ್ರೆ ತಪ್ಪು ಅಂದ್ಮೇಲೆ ದಂಡ ಬೇಕಲ್ಲ. ಮೇಡಂಗೆ ಬೋಳಿಸಾಕೆ ಮೀಸೆ ಇಲ್ಲ. ಅವ್ರು ನಾಟ್ಕಕ್ಕೆ ಬರ್ಬೇಕು. ಮುಂದಿನ ಸಾಲಲ್ಲಿ."

ನಿಮ್ಮ ದಂಡ ಯಾವುದು ಎಂದು ಅವರನ್ನು ಕೇಳಬೇಕಿತ್ತು. ನನಗೆ ಇಂಥವು ಯಾವಾಗಲೂ ಬಸ್ಸು ಹತ್ತಿದ ಮೇಲೆ ಹೊಳೆಯುತ್ತವೆ.

ಹದಿನೆಂಟು ಲೀಟರ್ ತುಂಬಿ ಫ್ಯಾನು ಬಿಟ್ಟೆವು. ಬುಧವಾರ ಹತ್ತು ಗಂಟೆಗೆ ಮ್ಯಾನೇಜರನ್ನು ಬೇಡಿಕೊಂಡು ಕಾಲು ಗಂಟೆ ನಿಲ್ಲಿಸಿದೆ. ಬೀಗ ಹಾಕಿಯಾದ ಮೇಲೆ ಮೇಸ್ತ್ರಿ ಒಬ್ಬರೇ ಒಳಗೆ ಹೋದರು. ನಾವು ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದೆವು. ಸೀಲಿನ ಸುತ್ತ ಬೆರಳಾಡಿಸಿದರು. ಬೆರಳನ್ನು ಬೆಳಕಿಗೆ ಹಿಡಿದರು. ಇನ್ನೊಂದು ಬೆರಳು ಆಡಿಸಿ ಅದನ್ನೂ ಹಿಡಿದರು. ಆಮೇಲೆ ಆ ಎರಡೂ ಒಣ ಬೆರಳಿನಿಂದ ಮೀಸೆಯ ಎರಡೂ ತುದಿ ಹುರಿ ಮಾಡಿಕೊಂಡು ಹೊರಗೆ ಬಂದರು.

ಶನಿವಾರ ಸಂಜೆ ನಾನೂ ಅಮ್ಮನೂ ಅಜ್ಜಂಪುರಕ್ಕೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಮೇಸ್ತ್ರಿ ಕಳಿಸಿದ ಆಟೋದಲ್ಲಿ ಅವರ ಊರು ಸೇರಿದೆವು. ಅಮ್ಮ ಬಂದದ್ದು ನನ್ನ ಜೊತೆಗೆಂದು ಹೇಳಿದರು; ನಿಜವಾಗಿ ಮೀಸೆ ನೋಡಲು. ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೆ. ಇಷ್ಟಕ್ಕೆ ದಂಡ ತೀರಿತು ಎಂದುಕೊಂಡಿದ್ದೆ.

ನಾಟಕಕ್ಕೆ ಮೊದಲು ಸನ್ಮಾನ. ಊರಿನ ನಾಲ್ವರು ಹಿರಿಯರದಾದ ಮೇಲೆ ಮೈಕಿನಲ್ಲಿ, "ನಮ್ಮ ರಾಜರ ಮೀಸೆಯನ್ನು ಉಳಿಸಿಕೊಟ್ಟಂತಹ ಎಂಜಿನಿಯರ್ ಮೇಡಂ ಅವರು ವೇದಿಕೆಗೆ ಬರಬೇಕಂತ ಕೇಳ್ಕೊಳ್ತೀವಿ" ಎಂದು ಕೂಗಿದರು. ನಾನು ಕದಲಲಿಲ್ಲ. ಅಮ್ಮ ನನ್ನ ಮೊಣಕೈ ಹಿಡಿದು ಎಬ್ಬಿಸಿದರು. ಶಾಲು ಹೊದಿಸಿದರು. ಎರಡು ಮಾತು ಆಡಿ ಎಂದು ಮೈಕನ್ನು ಬಾಯಿಗೇ ತಂದರು.

ಕಾಲೇಜಿನಲ್ಲಿ ಸೆಮಿನಾರಿಗೂ ಹಾಳೆ ನೋಡಿ ಓದಿದವಳು ನಾನು. ಮುಂದೆ ಇಡೀ ಊರು ಕೂತಿತ್ತು. ತಲೆಯಲ್ಲಿ ಇದ್ದದ್ದು ಒಂದೇ ವಾಕ್ಯ. ಅದನ್ನೇ ಹೇಳಿದೆ.

"ಗೇರ್‌ಬಾಕ್ಸಿನ ಎಣ್ಣೆಯನ್ನು ಫ್ಯಾನು ನಿಲ್ಲಿಸಿ, ಹತ್ತು ನಿಮಿಷವಾದ ಮೇಲೆ ನೋಡಬೇಕು."

ಆಮೇಲೆ ಹಿಂದಿನಿಂದ ಶಿಳ್ಳೆ ಬಂತು, ಚಪ್ಪಾಳೆ ಬಂತು. ಹಾರ್ಮೋನಿಯಂನವರು ಏನು ತಿಳಿದರೋ, ನನ್ನ ವಾಕ್ಯಕ್ಕೆ ಒಂದು ಸ್ವರ ಎಳೆದು ಕೊಟ್ಟರು. ಇಳಿದು ಬಂದು ಕುಳಿತಾಗ ಹಿಂದಿನ ಸಾಲಿನಲ್ಲಿ ಇಬ್ಬರು ಹೆಂಗಸರು ಮಾತಾಡಿಕೊಳ್ಳುತ್ತಿದ್ದರು.

"ಏನಂದ್ಳೇ ಆ ಹುಡ್ಗಿ?"

"ಫ್ಯಾನ್ ನಿಲ್ಸಿ ಎಣ್ಣೆ ನೋಡ್ಬೇಕಂತೆ ಕಣೇ."

"ಯಾವ್ ಎಣ್ಣೆನೇ?"

"ತಲೆಗ್ ಹಚ್ಚೋದಿರ್ಬೇಕು. ಓದಿರೋರು, ಸುಮ್ನೆ ಹೇಳ್ತಾರಾ?"

ಅಷ್ಟರಲ್ಲಿ ಪರದೆ ಸರಿಯಿತು. ರಾಜ ಬಂದರು. ಬಂದವರು ಹಾಡು ಎತ್ತಿಕೊಳ್ಳದೆ ರಂಗದ ತುದಿಗೆ ನಡೆದು ಎಡಗಡೆಯ ಮೀಸೆಯನ್ನು ನಿಧಾನವಾಗಿ ತಿರುವಿದರು, ಆಮೇಲೆ ಬಲಗಡೆಯದು, ಮತ್ತೆ ಎಡಗಡೆಯದು. ಹಾರ್ಮೋನಿಯಂನವರು ಆರಂಭದ ಶ್ರುತಿಯನ್ನೇ ನಾಲ್ಕು ಸಲ ನುಡಿಸಿ ಕಾದರು. ಅಮ್ಮ ನನ್ನ ಕಿವಿಯ ಹತ್ತಿರ ಬಗ್ಗಿ, "ಪರ್ವಾಗಿಲ್ಲ ಕಣೇ, ನೀನ್ ಹೇಳಿದ್ದಕ್ಕಿಂತ ಉದ್ದನೇ ಐತೆ" ಎಂದರು.