ಅಕ್ಕಿಕಾಳಿನ ಆಲ್ಬಮ್

ಕಾಳಪ್ಪ ಸೀರೆಯಾಗಿದ್ದರೆ, ಸೀರೆ ವ್ಯಾಪಾರಿಯಾದ ನಾನು ಅವನನ್ನು ಮಡಿಕೆ ಬಿಚ್ಚದೆಯೇ ವಾಪಸ್ ಕಳಿಸುತ್ತಿದ್ದೆ. ಉದ್ದ ಸಾಲದು, ಬಣ್ಣ ಬಿಸಿಲಿಗೆ ಹೋಗಿದೆ, ಅಂಚು ಸವೆದಿದೆ. ಆದರೆ ಮೇಲ್ತುಟಿಯ ನಡುವೆ ಒಂದು ದುಂಡು ಗುರುತಿದೆ. ಹುನಗುಂದದಿಂದ ಬಾದಾಮಿವರೆಗಿನ ಮದುವೆಗಳಲ್ಲಿ ಟ್ರಂಪೆಟ್ ಊದಿ ಊದಿ ಬಿದ್ದದ್ದು. ಅದನ್ನು ನೋಡಿದ ಮೇಲೆ ಮಾಲು ಗಟ್ಟಿ ಎಂದು ಒಪ್ಪಲೇಬೇಕು.

ಇಳಕಲ್ಲಿನ ಅವನ ಬ್ಯಾಂಡ್ ಕಂಪನಿ ಕಳೆದ ವರ್ಷ ಒಂದು ಆಲ್ಬಮ್ ಮಾಡಿತು. ರಜೆಯ ದಿನ, ಗ್ರಾನೈಟ್ ಪಾಲಿಶ್ ಶೆಡ್ಡಿನಲ್ಲಿ ರೆಕಾರ್ಡಿಂಗ್. ಟ್ರಂಪೆಟ್, ಕ್ಲಾರಿನೆಟ್, ಶಹನಾಯಿ, ಡೊಳ್ಳು ಎಲ್ಲ ಇದ್ದವು. ಹಾಡು ಮಾತ್ರ ಇರಲಿಲ್ಲ. ಎಲ್ಲರೂ ಒಟ್ಟಿಗೆ, ತಮತಮಗೆ ತೋಚಿದ್ದು.

"ಇದಕ್ಕ ಹೊರದೇಶದಾಗ ಫ್ರೀ ಜಾಝ್ ಅಂತಾರ್ರಿ, ಸಾವಕಾರ್ರ," ಎಂದ ಕಾಳಪ್ಪ.

"ಫ್ರೀ ಅಂದ್ರ ಜನ ಒಯ್ತಾರ ಬಿಡು. ರೊಕ್ಕಾ ಕೊಟ್ಟು ಯಾರು ಕೇಳ್ತಾರ?"

"ಲಗ್ನದಾಗ ಅಕ್ಕಿಕಾಳು ಒಗಿಯೂ ಮುಂದ ನಾವು ಊದೂದು ಏನ್ರಿ ಮತ್ತ? ತಾಳಿ ಕಟ್ಟೂ ಹೊತ್ತಿನ್ಯಾಗ ಹಾಡು ಇರತೈತೇನು? ಎಲ್ಲಾರೂ ಜೀವಾ ಹಾಕಿ ಬಾರಸ್ತೀವಿ. ಆ ಒಂದು ಗಳಿಗಿನ ಉದ್ದ ಎಳದೇನಿ, ಅಷ್ಟ."

ಕ್ಲಾರಿನೆಟ್ಟಿನ ನಬಿಸಾಬನಿಗೆ ದಿಗಿಲು. "ಲೇ ಕಾಳಪ್ಪ, ಇದನ್ನ ಊರಾಗ ಬಿಟ್ಟಿ ಅಂದ್ರ, ಈ ಮಂದಿಗೆ ಬಾರಸೂದ ಮರತೈತಿ ಅಂತಾರ. ಆಮ್ಯಾಲೆ ಲಗ್ನಕ್ಕ ಯಾರು ಕರೀತಾರ?"

ಒಮ್ಮೆ ನಾಲ್ಕು ಮಂದಿಗೆ ಕೇಳಿಸುವುದು, ನಕ್ಕರೆ ಅಳಿಸಿಬಿಡುವುದು ಎಂದು ತೀರ್ಮಾನವಾಯಿತು. ಪರೀಕ್ಷೆಗೆ ಕಾಳಪ್ಪ ಆರಿಸಿದ್ದು ನನ್ನ ಸೀರೆ ಅಂಗಡಿ, ಅದೂ ಲಗ್ನದ ಸೀಜನ್ನಿನಲ್ಲಿ! ಬೇಡವೆನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಸ್ಪೀಕರ್ ಹಚ್ಚಿಯಾಗಿತ್ತು.

ಗಾದಿಯ ಮೇಲೆ ಬಾಗಲಕೋಟೆಯ ಇಂದ್ರಾಬಾಯಿ ಮಗಳ ಮದುವೆಗೆ ಸೀರೆ ಆರಿಸುತ್ತಿದ್ದರು. ಡೊಳ್ಳಿನ ಮೇಲೆ ಟ್ರಂಪೆಟ್ ಏರಿತು. ಅವರು ಕೈಯಲ್ಲಿದ್ದ ಸೀರೆ ಬಿಟ್ಟು, ಸೆರಗು ತಲೆಯ ಮೇಲೆಳೆದುಕೊಂಡು ಎದ್ದು ನಿಂತರು. ಹೋಯಿತು ಗಿರಾಕಿ ಎಂದುಕೊಂಡೆ. ಅಷ್ಟರಲ್ಲಿ ಅವರ ಬಲಗೈ ಮುಷ್ಟಿ ಕಟ್ಟಿ, ಮುಂದೆ ಚಾಚಿ, ಬಿಚ್ಚಿಕೊಂಡಿತು. ಅದರಲ್ಲಿ ಅಕ್ಷತೆಯ ಅಕ್ಕಿ ಇರಲಿಲ್ಲ.

"ಯಾಕ್ರಿ ಅಕ್ಕಾರ, ಎದ್ರಿ?"

"ಅಕ್ಕಿಕಾಳು ಬೀಳೂ ಮುಂದ ಕುಂಡ್ರತಾರೇನ್ರಿ? ನೀವೂ ಏಳ್ರಿ!" ಎಂದು ಗದರಿ ಕಣ್ಣೊರೆಸಿಕೊಂಡರು.

ಎದ್ದೆ. ಗಿರಾಕಿ ಹೇಳಿದ ಮೇಲೆ ಮುಗಿಯಿತು. ಬಾಗಿಲಲ್ಲಿ ನಬಿಸಾಬ ತನ್ನದೇ ಕ್ಲಾರಿನೆಟ್ಟಿಗೆ ತಲೆದೂಗುತ್ತಿದ್ದ. ಅಳಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ಕಾಳಪ್ಪ ಮಾತ್ರ ಮೊದಲೇ ಗೊತ್ತಿದ್ದವನಂತೆ ನನ್ನ ಪಾಲಿನ ಚಹಾ ಕುಡಿಯುತ್ತಿದ್ದ.

ಈಗ ಮದುವೆಗೆ ಹೋದರೆ, ಅಕ್ಕಿಕಾಳಿನ ಹೊತ್ತಿಗೆ ವ್ಯಾಪಾರದ ಮಾತು ನಿಲ್ಲಿಸಿ ಬ್ಯಾಂಡ್ ಕೇಳುತ್ತೇನೆ. ಈ ಕಿವಿ ಕಾಳಪ್ಪ ಕೊಟ್ಟದ್ದು. ಅದರ ಋಣ ನನ್ನ ಮೇಲಿದೆ.