ಒಳಗಡೆಯ ಚಿಲಕ

ಟೇಪಕ್ಕನ ಕೊರಳಲ್ಲಿ ಅಳತೆ ಟೇಪು ಇಲ್ಲದ್ದನ್ನು ಕಂಡವರು ಯಾರೂ ಇಲ್ಲ. ಸ್ನಾನಕ್ಕೆ ಹೋಗುವಾಗಲಾದರೂ ತೆಗೀತಾಳೋ ಇಲ್ಲವೋ ಅಂತ ಒಡಹುಟ್ಟಿದ ತಮ್ಮನಿಗೇ ಅನುಮಾನ. ಹೆತ್ತವರು ಇಟ್ಟ ಹೆಸರು ಒಂದಿತ್ತು, ಇರಲಿ ಬಿಡಿ, ಬೀದಿಯವರು ಅದನ್ನು ಮರೆತು ಎಷ್ಟೋ ಕಾಲವಾಗಿದೆ. ಮೂರಂತಸ್ತಿನ ಕಟ್ಟಡದ ಮೆಟ್ಟಿಲ ಕೆಳಗೆ ಅವಳ ಹೊಲಿಗೆ ಅಂಗಡಿ. ಒಂದು ಯಂತ್ರ, ಒಂದು ಕತ್ತರಿಸುವ ಮೇಜು, ಒಂದು ಕನ್ನಡಿ, ಅಷ್ಟಕ್ಕೇ ಜಾಗ ಮುಗೀತು. ಕೈ ಎಷ್ಟು ನಾಜೂಕೋ ಬಾಯಿ ಅಷ್ಟೇ ಒರಟು. ಬಟ್ಟೆ ಆಯ್ತಾ ಅಂತ ಕೇಳಿದವರಿಗೆಲ್ಲ ಅವಳದು ಒಂದೇ ಉತ್ತರ: ನಾಳೆ ಬನ್ನಿ. ಜನ ಬೈದುಕೊಳ್ಳುತ್ತಾ ಹೋಗುತ್ತಿದ್ದರು, ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು. ಅಂಥ ಹೊಲಿಗೆ ಬೇರೆಲ್ಲಿ ಸಿಗಬೇಕು?

ಎದುರು ಮನೆಯ ಹುಡುಗಿಯೊಬ್ಬಳು ಸಂಜೆಯಾದರೆ ಬಂದು ಆ ಮೇಜಿನ ಕೆಳಗೆ ಕೂರುತ್ತಿದ್ದಳು. ಗೊಂಬೆಗೆ ಅಂಗಿ ಮಾಡೋಕೆ ಚಿಂದಿ ಆರಿಸ್ತಾಳೆ ಅಂತ ಟೇಪಕ್ಕ ಅಂದುಕೊಂಡಿದ್ದಳು. ಒಂದು ದಿನ ಉಳಿದ ಬಟ್ಟೆಯಲ್ಲಿ ಅವಳಿಗೇ ಒಂದು ಫ್ರಾಕು ಹೊಲಿಯೋಣ ಅನ್ನಿಸಿ, ಭುಜದ ಅಳತೆಗೆ ಟೇಪು ಎತ್ತಿದಳು. ಹುಡುಗಿ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಮುದುಡಿ ಕೂತುಬಿಟ್ಟಿತು. ಅಳೆಯೋಕೆ ಎತ್ತಿದ ಕೈ ಕಣ್ರೀ ಅದು, ಹೊಡೆಯೋಕಲ್ಲ! ತೋಳು ಸರಿಸಿ ನೋಡಿದರೆ ಹಳೇ ಗಾಯದ ಮೇಲೆ ಹೊಸ ಗಾಯ.

ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ಅವರ ಮನೆ ವಿಷಯ, ನಮಗ್ಯಾಕೆ ಊರ ಉಸಾಬರಿ ಅಂತ ಒಬ್ಬೊಬ್ಬರೂ ಒಂದೊಂದು ಕಡೆ ಮುಖ ತಿರುಗಿಸಿದರು. ಬೇಲಿಯೇ ಎದ್ದು ಹೊಲ ಮೇಯುತ್ತಿದ್ದರೆ ದಾರಿಹೋಕರು ಹಲ್ಲುಕಡ್ಡಿ ಕಚ್ಚಿಕೊಂಡು ನಿಂತು ನೋಡಬೇಕಾ ಅಂತ ಟೇಪಕ್ಕ ಮೆಟ್ಟಿಲ ಮೇಲೆ ನಿಂತು ಮೂರು ಅಂತಸ್ತಿಗೂ ಕೇಳೋ ಹಾಗೆ ಕೂಗಿದಳು. ಅಂಗಡಿ ಬಾಗಿಲು ಎಳೆದು, ಹುಡುಗಿಯ ಕೈ ಹಿಡಿದು ಪೊಲೀಸ್ ಠಾಣೆಗೆ ಹೋಗಿ ಬೆಂಚಿನ ಮೇಲೆ ಕೂತಳು. ನಾಳೆ ಬನ್ನಿ ಅಂದರು ಅವರು. ಅದು ನನ್ನ ಮಾತು, ನನಗೇ ಹೇಳಬೇಡಿ ಅಂದಳು. ದೂರು ಬರೆದುಕೊಳ್ಳುವ ತನಕ ಏಳಲಿಲ್ಲ. ಆಮೇಲೆ ಅಪ್ಪ ಅನ್ನಿಸಿಕೊಂಡವನು ಅಂಗಡಿ ಮುಂದೆ ಬಂದು ಹಾರಾಡಿದ. ಟೇಪಕ್ಕನ ಕೈಯಲ್ಲಿ ದೊಡ್ಡ ಕತ್ತರಿ ಇತ್ತು. ಅದನ್ನು ಅವಳು ಎತ್ತಲೂ ಇಲ್ಲ, ಕೆಳಗೆ ಇಡಲೂ ಇಲ್ಲ. ಅವನೇ ಕಾಲಿಗೆ ಬುದ್ಧಿ ಹೇಳಿದ. ನ್ಯಾಯಾಲಯದವರು ಎಲ್ಲ ವಿಚಾರಿಸಿ, ಮಗು ಸದ್ಯಕ್ಕೆ ಇವಳ ಹತ್ತಿರವೇ ಇರಲಿ ಅಂದರು.

ಇರಲಿ ಅಂದರೆ ಎಲ್ಲಿರಬೇಕು? ತಮ್ಮ ಬಡಗಿ. ಅಂಗಡಿ ಹಿಂದೆ ಅವನು ಹಲಗೆ ತುಂಬಿಡುತ್ತಿದ್ದ ಕೋಣೆಯೊಂದಿತ್ತು. ಅದನ್ನು ಖಾಲಿ ಮಾಡಿ, ಸುಣ್ಣ ಬಳಿದು, ಹೊಸ ಬಾಗಿಲು ಕೂರಿಸಿ, ಅದಕ್ಕೊಂದು ಹಿತ್ತಾಳೆ ಚಿಲಕ ಹಾಕಿ, ಮದುವೆ ಮನೆ ಯಜಮಾನನ ಹಾಗೆ ಎದೆಯುಬ್ಬಿಸಿ ನಿಂತ. ಹುಡುಗಿ ಬಾಗಿಲು ನೋಡಿತು, ಚಿಲಕ ನೋಡಿತು, ಕೈಚೀಲ ಅಲ್ಲೇ ಇಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತುಬಿಟ್ಟಿತು. ಕರೆದರೆ ಬರಲಿಲ್ಲ, ಊಟ ಮುಟ್ಟಲಿಲ್ಲ. ಬಣ್ಣ ಹಿಡಿಸಲಿಲ್ಲವೇನೋ ಅಂತ ತಮ್ಮ ಪೆಚ್ಚುಮೋರೆ ಹಾಕಿಕೊಂಡ. ಎಷ್ಟೋ ಹೊತ್ತಾದ ಮೇಲೆ ಹುಡುಗಿ ಬಾಯಿಬಿಟ್ಟಿತು.

"ಚಿಲಕ ಹೊರಗಿದೆ."

ಉಗ್ರಾಣದ ಬಾಗಿಲಿಗೆ ಚಿಲಕ ಹೊರಗಡೆಯೇ ತಾನೇ? ಕೈ ರೂಢಿಯಲ್ಲಿ ಹಾಕಿಬಿಟ್ಟಿದ್ದ. ಎದುರು ಮನೆಯಲ್ಲಿ ಆ ಮಗುವಿನ ಕೋಣೆಗೂ ಚಿಲಕ ಹೊರಗಡೆಯೇ ಇತ್ತು ಅನ್ನುವುದು ಅವನಿಗೇನು ಗೊತ್ತು? ಗೊತ್ತಾದ ಮೇಲೆ ಅವನು ತಿರುಪುಳಿ ತಂದು ಅದನ್ನು ಕಿತ್ತ. ಕಣ್ಣೊರೆಸಿಕೊಂಡು, ಒಳಗಡೆ ಎಷ್ಟು ಎತ್ತರಕ್ಕೆ ಹಾಕಲಿ ಅಕ್ಕ ಅಂತ ಕೇಳಿದ. ಟೇಪಕ್ಕ ಕೊರಳಿನ ಟೇಪು ತೆಗೆದು, ಈ ಸಲ ಮೊದಲು ಹುಡುಗಿಯ ಅಪ್ಪಣೆ ಕೇಳಿ, ನೆಲದಿಂದ ಅವಳ ಎದೆಮಟ್ಟಕ್ಕೆ ಅಳೆದಳು. ಅಲ್ಲಿಗೇ ಕೂತಿತು ಚಿಲಕ.

ಹುಡುಗಿ ಒಳಗೆ ಹೋಗಿ ಚಿಲಕ ಹಾಕಿಕೊಂಡಿತು. ತಟ್ಟಿ ಅಂತ ಒಳಗಿಂದ ಹುಕುಂ ಬಂತು. ಟೇಪಕ್ಕ ತಟ್ಟಿದಳು. ಯಾರು? ನಾನು, ಟೇಪಕ್ಕ. ಯಾಕೆ? ಊಟಕ್ಕೆ ಕರೆಯೋಕೆ. ಬಾಗಿಲು ತೆರೀತು. ತೆರೆದದ್ದೇ ಮತ್ತೆ ಮುಚ್ಚಿತು, ಮತ್ತೆ ತಟ್ಟಿ ಅಂತು. ಅನ್ನ ತಣ್ಣಗಾಗುವ ತನಕ ಇದೇ ಆಟ. ಇನ್ನೊಬ್ಬಳಾಗಿದ್ದರೆ ತಾಳ್ಮೆ ತಪ್ಪುತ್ತಿತ್ತು. ಟೇಪಕ್ಕನಂಥ ಮುಂಗೋಪಿ ಅವತ್ತು ಎಷ್ಟು ಸಲ ತಟ್ಟಿದಳೋ ಲೆಕ್ಕವಿಲ್ಲ.

ಆ ಮನೆಯ ಕಾನೂನು ಹುಟ್ಟಿದ್ದು ಹೀಗೆ. ತಟ್ಟಬೇಕು, ಯಾರು ಅಂತ ಹೇಳಬೇಕು, ಯಾಕೆ ಬಂದೆ ಅಂತ ನಿಜವನ್ನೇ ಹೇಳಬೇಕು, ಆಮೇಲೆ ಕಾಯಬೇಕು. ಬಾಗಿಲಿಗೆ ಸುಳ್ಳು ಹೇಳುವ ಹಾಗಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಸುದ್ದಿಗೇನು ಕಾಲು ಬೇಕಾ? ಒಬ್ಬ ಶಾಲಾ ಶಿಕ್ಷಕಿ ಒಂದು ಮಗುವನ್ನು ಕರೆತಂದಳು, ಪೊಲೀಸರೇ ಅಕ್ಕ ತಮ್ಮ ಇಬ್ಬರನ್ನು ತಂದುಬಿಟ್ಟರು. ಹಲಗೆ ಕೋಣೆ ಸಾಲದಾಯಿತು. ಬಟ್ಟೆ ಹೊಲಿಸಲು ಬಂದ ಗಿರಾಕಿಗಳನ್ನೇ ಟೇಪಕ್ಕ ಹಿಡಿದು ಸಮಿತಿ ಮಾಡಿದಳು. ಸೊಂಟದ ಅಳತೆ ಹಿಡಿದುಕೊಂಡೇ ಕೇಳುತ್ತಿದ್ದಳಂತೆ, ಇಲ್ಲ ಅನ್ನುವವರು ಎಲ್ಲಿಗೆ ಓಡಬೇಕು? ಪುಸ್ತಕಕ್ಕೆ ರಟ್ಟು ಕಟ್ಟುವ ಹಳೇ ಕಾರ್ಖಾನೆಯೊಂದು ಮುಚ್ಚಿತ್ತು. ಅದರ ಯಜಮಾನ ಕೊಟ್ಟ, ವಕೀಲರೊಬ್ಬರು ಬಿಟ್ಟಿ ಓಡಾಡಿ ಸಂಸ್ಥೆ ನೋಂದಾಯಿಸಿದರು, ಟೇಪಕ್ಕನ ತಮ್ಮ ಕಾರ್ಖಾನೆಯ ಉದ್ದನೆಯ ಹಜಾರವನ್ನು ಹಲಗೆ ಗೋಡೆಯಿಂದ ಚಿಕ್ಕ ಚಿಕ್ಕ ಕೋಣೆ ಮಾಡಿದ. ಪ್ರತಿ ಕೋಣೆಗೂ ಚಿಲಕ ಒಳಗಡೆ. ಹೊಸ ಮಗು ಬಂದರೆ ಮೊದಲು ಸಿಗುವುದು ಊಟವಲ್ಲ, ಹಾಸಿಗೆಯಲ್ಲ, ಟೇಪಿನ ಅಳತೆ. ಮಗು ಬೆಳೆದ ಹಾಗೆ ಚಿಲಕವನ್ನು ಮೇಲಕ್ಕೆ ಏರಿಸುತ್ತಿದ್ದರು. ಹಳೆಯ ತೂತುಗಳಿಗೆ ತಮ್ಮ ಎಷ್ಟು ಮರದ ಹುಡಿ ಮೆತ್ತಿದರೂ ಅವು ಬಾಗಿಲ ಮೇಲೆ ಕಾಣುತ್ತಲೇ ಇದ್ದವು.

ಮಕ್ಕಳು ಬದುಕಿದರು, ಕಲಿತರು, ಕೀಟಲೆಯನ್ನೂ ಕಲಿತರು. ಟೇಪಕ್ಕ ಬಾಗಿಲು ತಟ್ಟಿ, ಮನೆಪಾಠ ನೋಡೋಕೆ ಬಂದೆ ಅಂದರೆ ಒಳಗಿಂದ ಉತ್ತರ: ನಾಳೆ ಬನ್ನಿ. ಅವಳು ಹೊರಗೆ ನಿಂತು ಹಲ್ಲು ಕಡಿಯುವಳು, ಇಡೀ ಹಜಾರ ಬಿದ್ದು ಬಿದ್ದು ನಗುವುದು. ಅಲ್ಲಿಂದ ಒಬ್ಬಳು ದಾದಿಯಾದಳು, ಒಬ್ಬ ಬಸ್ಸು ಓಡಿಸಿದ. ಮೇಜಿನ ಕೆಳಗೆ ಕೂತಿದ್ದ ಆ ಮೊದಲ ಹುಡುಗಿ ಓದಿ ಮುಗಿಸಿ ಅಲ್ಲಿಗೇ ಬಂದು ಮನೆಯ ಮೇಲ್ವಿಚಾರಕಿಯಾದಳು. ಟೇಪಕ್ಕನ ತಲೆ ನರೆಯುವ ಹೊತ್ತಿಗೆ ಆಕೆಯೇ ಬಲಗೈ.

ಎಲ್ಲ ಸುಸೂತ್ರವಾಗಿರುವಾಗ ಮಕ್ಕಳ ಕಲ್ಯಾಣ ಇಲಾಖೆಯ ಹೊಸ ಅಧಿಕಾರಿ ತಪಾಸಣೆಗೆ ಬಂದರು. ಅಡುಗೆಮನೆ ಚೊಕ್ಕಟ, ಹಾಸಿಗೆ ಚೊಕ್ಕಟ. ಚಿಲಕದ ಮುಂದೆ ನಿಂತರು. ಇವನ್ನು ತೆಗೆಸಬೇಕು, ಇಲ್ಲದಿದ್ದರೆ ಪರವಾನಗಿ ಸಿಗಲ್ಲ, ಮಕ್ಕಳು ಸರ್ಕಾರದ ದೊಡ್ಡ ವಸತಿಗೃಹಕ್ಕೆ ಹೋಗಬೇಕಾಗತ್ತೆ ಅಂದರು. ಟೇಪಕ್ಕ ಕೆಂಡಾಮಂಡಲವಾದಳು. ಆ ವಸತಿಗೃಹ ಅವಳು ನೋಡದ್ದೇ? ಉದ್ದನೆಯ ಹಾಲ್, ದೊಡ್ಡ ಬಾಗಿಲು, ಬೀಗ ಹೊರಗಡೆ. ಆದರೆ ಅಧಿಕಾರಿಯೂ ಕೆಟ್ಟ ಹೆಂಗಸಲ್ಲ. ಹಿಂದೆ ಕೆಲಸ ಮಾಡಿದ ಕಡೆ ಒಂದು ಹಾಸ್ಟೆಲಿಗೆ ಬೆಂಕಿ ಬಿದ್ದಿತ್ತಂತೆ. ಒಂದು ಮಗು ಹೆದರಿ ಒಳಗಿಂದ ಚಿಲಕ ಹಾಕಿಕೊಂಡಿತ್ತಂತೆ. ಅಷ್ಟು ಹೇಳಿ ಕಿಟಕಿಯ ಕಡೆ ತಿರುಗಿದರು.

ಕೊನೆಗೆ ಒಂದು ಒಪ್ಪಂದವಾಯಿತು. ಬೆಂಕಿ ಬಿದ್ದರೆ ಹೊರಗಿಂದಲೂ ಚಿಲಕ ಬಿಡಿಸುವ ಹಾಗೆ ಟೇಪಕ್ಕನ ತಮ್ಮ ಏನಾದರೂ ಉಪಾಯ ಮಾಡಬೇಕು. ಅದು ಸಾಲದು, ಅಧಿಕಾರಿ ಹೇಳದೆ ಕೇಳದೆ ಒಂದು ದಿನ ಬರುತ್ತಾರೆ. ಟೇಪಕ್ಕ ಕರೆದ ಕೂಡಲೇ ಪ್ರತಿಯೊಂದು ಬಾಗಿಲೂ ತೆರೆಯಬೇಕು. ಒಂದೇ ಒಂದು ತೆರೆಯದಿದ್ದರೂ ಎಲ್ಲ ಚಿಲಕವೂ ಹೋಗುತ್ತದೆ.

ಟೇಪಕ್ಕನಿಗೆ ತಟ್ಟನೆ ನೆನಪಾದದ್ದು ಒಬ್ಬಳೇ. ಮೂಲೆ ಕೋಣೆಯ ಹುಡುಗಿ! ಅವಳು ಬಂದು ಎರಡು ವರ್ಷದ ಹತ್ತಿರ. ಊಟದ ಮನೆಯಲ್ಲಿ, ಅಂಗಳದಲ್ಲಿ ಬಾಯಿಗೆ ಬೀಗ. ತಟ್ಟಿದರೆ ಮಾತ್ರ ಯಾರು ಅಂತ ಕೇಳುವಳು, ಯಾಕೆ ಅಂತ ಕೇಳುವಳು, ಅಷ್ಟೇ. ಹೊರಗೆ ಒಬ್ಬರು ನಿಂತಿರುವ ತನಕ ಬಾಗಿಲು ತೆರೆದವಳಲ್ಲ. ಮೊದಲ ದಿನದಿಂದಲೂ ಟೇಪಕ್ಕ ಬಂದ ಕಾರಣ ಹೇಳಿ, ಮಗುವಿಗೆ ಧೈರ್ಯ ಬರಲಿ ಅಂತ ಚಪ್ಪಲಿ ಪಟಪಟ ಸದ್ದು ಮಾಡಿಕೊಂಡು ದೂರ ಹೋಗುತ್ತಿದ್ದಳು. ಆಮೇಲೆ ಬಾಗಿಲು ತೆರೆಯುತ್ತಿತ್ತು. ಈಗ ಆ ಒಂದು ಬಾಗಿಲಿನ ಮೇಲೆ ಇಡೀ ಮನೆ ನಿಂತಿತ್ತು. ತಮ್ಮ ಒಂದು ಉಪಾಯ ಹೇಳಿದ: ಆ ದಿನ ಅವಳನ್ನು ಹೇಗಾದರೂ ಮಾಡಿ ಹೊರಗೇ ಇಟ್ಟುಕೊಂಡರಾಯ್ತು. ಬಾಗಿಲಿಗೆ ಮೋಸ ಮಾಡೋದೂ ಒಂದೇ, ಸುಳ್ಳು ಹೇಳೋದೂ ಒಂದೇ ಕಣೋ ಅಂತ ಟೇಪಕ್ಕ ಕಡ್ಡಿ ತುಂಡು ಮಾಡಿದ ಹಾಗೆ ಹೇಳಿದಳು.

ಅಧಿಕಾರಿ ಬಂದೇ ಬಂದರು. ಮಕ್ಕಳು ಶಾಲೆಯಿಂದ ಬಂದು ಕೋಣೆ ಸೇರಿದ್ದ ಹೊತ್ತು. ಬೆಂಕಿ ಬೆಂಕಿ ಅಂತ ಕೂಗಿ ಅಂದರು ಅವರು.

"ಕೂಗಲ್ಲ ಮೇಡಂ," ಅಂದಳು ಟೇಪಕ್ಕ. "ಈ ಬಾಗಿಲುಗಳಿಗೆ ನಾನು ಇದುವರೆಗೂ ಸುಳ್ಳು ಹೇಳಿಲ್ಲ. ಇವತ್ತು ಹೇಳಿದ್ರೆ, ನಿಜವಾಗ್ಲೂ ಬೆಂಕಿ ಬಿದ್ದ ದಿನ ನನ್ನನ್ನ ಯಾರು ನಂಬ್ತಾರೆ?"

ಅಧಿಕಾರಿ ಸ್ವಲ್ಪ ಯೋಚಿಸಿ, ಸರಿ, ನಿಮ್ಮ ರೀತಿಯಲ್ಲೇ ಕರೀರಿ ಅಂದರು.

ಟೇಪಕ್ಕ ಒಂದೊಂದೇ ಬಾಗಿಲು ತಟ್ಟುತ್ತಾ ಹೋದಳು. ಮೇಡಂ ಬಂದಿದಾರೆ, ಕರೆದ ತಕ್ಷಣ ಬರ್ತೀರಾ ಅಂತ ನೋಡಬೇಕಂತೆ, ಬನ್ನಿ. ಖಟ್, ಖಟ್ ಅಂತ ಚಿಲಕ ಸರಿದವು. ನಾಳೆ ಬನ್ನಿ ಅನ್ನುವ ಪೋರನೂ ಅವಳ ಮುಖ ನೋಡಿ ತೆಪ್ಪಗೆ ಬಂದು ಗೋಡೆಗೆ ಒರಗಿ ನಿಂತ. ಉಳಿದದ್ದು ಮೂಲೆ ಕೋಣೆ. ಮೇಲ್ವಿಚಾರಕಿ ಸೆರಗಿನ ಅಂಚು ಹಿಡಿದು ಹಿಂಡುತ್ತಿದ್ದಳು.

ತಟ್ಟಿದಳು. ಯಾರು ಅಂತು ಒಳಗಿನ ದನಿ. ನಾನು, ಟೇಪಕ್ಕ. ಯಾಕೆ?

ಎಲ್ಲರ ಚಿಲಕವೂ ನಿನ್ನ ಕೈಯಲ್ಲಿದೆ ಮಗಳೇ ಅನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. ನಿಜ ಹೇಳಬೇಕು ಸರಿ, ದೊಡ್ಡವರ ಹೊರೆಯನ್ನೆಲ್ಲ ಮಗುವಿನ ತಲೆ ಮೇಲೆ ಹೊರಿಸಬೇಕು ಅಂತೇನಿಲ್ಲವಲ್ಲ.

"ಒಬ್ಬರು ಮೇಡಂ ಬಂದಿದಾರೆ. ನಾವು ಇಲ್ಲಿ ನಿಂತಿರೋವಾಗಲೇ ನೀನು ಬಾಗಿಲು ತೆಗೀತೀಯಾ ಅಂತ ನೋಡಬೇಕಂತೆ. ಇವತ್ತು ನಾನು ಹೋಗಲ್ಲ, ಇಲ್ಲೇ ಇರ್ತೀನಿ. ತೆಗೀದಿದ್ರೂ ನಿನ್ನ ಮೇಲೆ ಕೋಪ ಇಲ್ಲ."

ಎರಡು ವರ್ಷದ ರೂಢಿ, ಟೇಪಕ್ಕನ ಕಾಲು ತಾನಾಗಿ ಹಿಂದಕ್ಕೆ ಎದ್ದಿತು. ಅದನ್ನು ನೆಲಕ್ಕೆ ಒತ್ತಿ ಹಿಡಿದಳು. ಅಧಿಕಾರಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಖಟ್ ಅಂತು.

ಬಾಗಿಲು ತೆರೆದಿತ್ತು. ಹುಡುಗಿ ಚಿಲಕದ ಮೇಲೆ ಕೈಯಿಟ್ಟು ಬಗ್ಗಿಕೊಂಡೇ ನಿಂತಿದ್ದಳು. ಎಷ್ಟು ಉದ್ದ ಬೆಳೆದುಬಿಟ್ಟಿದ್ದಾಳೆ! ನೋಡಿದ್ದು ಇವತ್ತೇ ಅನ್ನುವ ಹಾಗೆ ಟೇಪಕ್ಕ ನೋಡಿದಳು. ಹುಡುಗಿ ಅಧಿಕಾರಿಯ ಕಡೆ ಕಣ್ಣೆತ್ತಲೂ ಇಲ್ಲ.

"ಟೇಪಕ್ಕ, ಚಿಲಕ ತುಂಬಾ ಕೆಳಗಾಗಿದೆ, ಬಗ್ಗಿ ಬಗ್ಗಿ ಸಾಕಾಯ್ತು," ಅಂದಳು. "ಹೇಳೋಣ ಅಂತ ಬಾಗಿಲು ತೆಗೆದಾಗಲೆಲ್ಲ ನೀವು ಹೋಗೇಬಿಟ್ಟಿರ್ತೀರಲ್ಲ."

ಅಯ್ಯೋ ನನ್ನ ಜಾಣತನವೇ! ಮಗು ಬಾಗಿಲು ತೆರೆಯಲು ಕಲಿತು ಎಷ್ಟು ಕಾಲವಾಗಿತ್ತೋ, ಪ್ರೀತಿಯಿಂದಲೇ ಇವಳು ಪಟಪಟ ಓಡಿಹೋಗುತ್ತಿದ್ದಳು, ಅದು ಖಾಲಿ ಹಜಾರ ನೋಡಿ ಸುಮ್ಮನಾಗುತ್ತಿತ್ತು. ಬಡಪೆಟ್ಟಿಗೆ ಬಗ್ಗದ ಟೇಪಕ್ಕ ಅಲ್ಲೇ ಮಂಡಿಯೂರಿ ಕೂತು ಗಳಗಳನೆ ಅತ್ತಳು. ಅಷ್ಟು ಸಂತೋಷ ಅವಳು ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಪೋರ ಚಪ್ಪಾಳೆ ಶುರು ಮಾಡಿದ, ಇಡೀ ಹಜಾರ ಹಿಡಿದುಕೊಂಡಿತು. ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡು, ಚಿಲಕ ಇರಲಿ ಅಂದರು.

ಟೇಪಕ್ಕ ಮೂಗೊರೆಸಿಕೊಂಡು ಕೊರಳಿನ ಟೇಪು ಎಳೆದಳು. ಕಣ್ಣು ಮಂಜಾಗಿ ಅದರ ತುದಿ ನೆಲಕ್ಕೆ ಸರಿಯಾಗಿ ಕೂರಲಿಲ್ಲ. ಅಧಿಕಾರಿಯೇ ಕುಕ್ಕರಗಾಲಲ್ಲಿ ಕೂತು ಅದನ್ನು ಬೆರಳಿಂದ ಒತ್ತಿ ಹಿಡಿದರು. ಹುಡುಗಿ ನೆಟ್ಟಗೆ ನಿಂತಳು. ಉಳಿ, ತಿರುಪುಳಿ ಎಲ್ಲ ಅಂಗಡಿಯಲ್ಲಿದೆ, ನಾಳೆ ಹಾಕಿಕೊಡ್ತೀನಿ ಅಕ್ಕ ಅಂದ ಹಿಂದೆ ನಿಂತಿದ್ದ ತಮ್ಮ. ಜೀವಮಾನವಿಡೀ ನಾಳೆ ಬನ್ನಿ ಅಂದವಳು ತಲೆಯೆತ್ತಿ ನೋಡಿದಳು.

"ನಾಳೆ ಅಲ್ಲ ಕಣೋ. ಈಗಲೇ ಹೋಗಿ ತಗೊಂಡು ಬಾ."